ಹೆಗಲು ಕೊಟ್ಟ ನೆಲ: ಸೆರಾಂಪುರದ ಹಳೆಯ ಸ್ಮಶಾನ ಮತ್ತು ಇಂದಿನ ಪ್ರಶ್ನೆ

ತಂದೆಯ ಶವಕ್ಕೆ ಮಣ್ಣು ಕೊಡಲು ಮಗನೊಬ್ಬ ದೇಶದ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಬೇಕಾಗಿ ಬಂದ ಪ್ರಕರಣ ಅದು. ಛತ್ತೀಸಗಢದ ಬಸ್ತರ್ ಜಿಲ್ಲೆಯ ಛಿಂದವಾಡ ಗ್ರಾಮದ ಕ್ರೈಸ್ತ ಪಾದ್ರಿಯೊಬ್ಬರು 2025ರ ಜನವರಿ 7ರಂದು ತೀರಿಕೊಂಡರು. ಕುಟುಂಬದ ಹಿರಿಯರನ್ನು ಹೂಳಿದ್ದ ಊರಿನ ಸ್ಮಶಾನದಲ್ಲೇ ಅವರನ್ನೂ ಹೂಳಬೇಕೆಂಬುದು ಮನೆಯವರ ಅಪೇಕ್ಷೆಯಾಗಿತ್ತು. ಗ್ರಾಮಸ್ಥರ ಒಂದು ಗುಂಪು ವಿರೋಧಿಸಿತು. ಸ್ವಂತ ಹೊಲದಲ್ಲಿ ಹೂಳುವುದಕ್ಕೂ ಅಡ್ಡಿ ಬಂತು. ಶಾಂತಿಭಂಗವಾದೀತೆಂಬ ಕಾರಣವನ್ನು ಮುಂದಿಟ್ಟು ಛತ್ತೀಸಗಢ ಹೈಕೋರ್ಟ್ ಮಗನ ಕೋರಿಕೆಯನ್ನು ಮನ್ನಿಸಲಿಲ್ಲ. ಶವ ಜಗದಲ್‌ಪುರದ ಶವಾಗಾರದಲ್ಲಿ ಉಳಿಯಿತು.

ಜನವರಿ 27ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಭಿನ್ನ ತೀರ್ಪು ನೀಡಿತು. ಕರ್ನಾಟಕ ಮೂಲದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಕುಟುಂಬದ ಸ್ವಂತ ಜಮೀನಿನಲ್ಲಿಯೇ ಶವಸಂಸ್ಕಾರಕ್ಕೆ ಅವಕಾಶ ಕೊಡಬೇಕೆಂದರು. 2021ರಲ್ಲಿ ಕರ್ನಾಟಕ ಹೈಕೋರ್ಟಿನ ಹಂಗಾಮಿ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರು, ಇಂತಹುದೇ ಸ್ಥಳದಲ್ಲಿ ಹೂಳಬೇಕೆಂಬ ಅನಿರ್ಬಂಧಿತ ಹಕ್ಕು ಯಾರಿಗೂ ಇಲ್ಲ, ಕ್ರೈಸ್ತರಿಗೆಂದು ಗುರುತಿಸಿದ ಸ್ಮಶಾನದಲ್ಲಿಯೇ ಹೂಳಬೇಕು ಎಂದರು. ಪ್ರಕರಣವನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿದರೆ ಶವ ಇನ್ನಷ್ಟು ದಿನ ಶವಾಗಾರದಲ್ಲೇ ಇರಬೇಕಾಗುತ್ತಿತ್ತು. ಆದ್ದರಿಂದ ಸಂವಿಧಾನದ 142ನೇ ವಿಧಿಯನ್ವಯ, ಗ್ರಾಮದಿಂದ 20ರಿಂದ 25 ಕಿಲೋಮೀಟರ್ ದೂರದ ಕರ್ಕಪಾಲದಲ್ಲಿ ಪೊಲೀಸ್ ರಕ್ಷಣೆಯಲ್ಲಿ ಅಂತ್ಯಕ್ರಿಯೆ ನಡೆಸುವಂತೆ ಇಬ್ಬರೂ ಸೇರಿ ನಿರ್ದೇಶಿಸಿದರು.

ಶವಕ್ಕೆ ನೆಲ ಸಿಕ್ಕಿತು, ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಊರಿನ ಮಣ್ಣಿನಲ್ಲಿ ಮಲಗುವ ಅಧಿಕಾರವಿದೆಯೆ? ‘ನಿಮಗೆ ಬೇರೆ ಜಾಗವಿದೆ, ಅಲ್ಲಿಗೆ ಹೋಗಿ’ ಎಂಬ ಮಾತು ವ್ಯವಸ್ಥೆಯೋ, ಬಹಿಷ್ಕಾರವೋ? ಬಸ್ತರಿನ ವಿವಾದವನ್ನು ಮತಾಂತರದ ಪರ-ವಿರೋಧದ ಹಳೆಯ ಜಗಳವಾಗಿ ಮಾತ್ರ ನೋಡಿದರೆ ಈ ಪ್ರಶ್ನೆಗಳು ಮರೆಯಾಗುತ್ತವೆ. ಇವು ಇಂದು ನಿನ್ನೆ ಹುಟ್ಟಿದ ಪ್ರಶ್ನೆಗಳೂ ಅಲ್ಲ. ಎರಡು ಶತಮಾನಗಳ ಹಿಂದೆ ಬಂಗಾಳದ ಹೂಗ್ಲಿ ನದಿಯ ದಡದಲ್ಲಿ ಇವೇ ಪ್ರಶ್ನೆಗಳು ಎದ್ದಿದ್ದವು. ಅವುಗಳಿಗೆ ಅಲ್ಲಿ ದೊರೆತ ಉತ್ತರ ಇಂದಿಗೂ ನೆಲದ ಮೇಲಿದೆ. ಕೋಲ್ಕತ್ತದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದ ಸೆರಾಂಪುರದಲ್ಲಿರುವ ಬ್ಯಾಪ್ಟಿಸ್ಟ್ ಮಿಷನ್ನಿನ ಹಳೆಯ ಸ್ಮಶಾನವೇ ಆ ಉತ್ತರ. ಕನ್ನಡ ಭಾಷೆಗೊಂದು ವ್ಯಾಕರಣ ಬರೆದು 1817ರಲ್ಲಿ ಅಚ್ಚು ಹಾಕಿಸಿದ ವಿಲಿಯಂ ಕೇರಿಯ ಸಮಾಧಿ ಇರುವುದು ಅಲ್ಲಿಯೇ.

ಸ್ವದೇಶದಲ್ಲಿಯೇ ಹೊರಗಿನವರು

ಈ ಸ್ಮಶಾನದ ಕಥೆ ಅರ್ಥವಾಗಬೇಕಾದರೆ ಮೊದಲು ಬ್ಯಾಪ್ಟಿಸ್ಟರು ಯಾರೆಂಬುದನ್ನು ತಿಳಿಯಬೇಕು. ಹಸುಗೂಸುಗಳಿಗೆ ದೀಕ್ಷಾಸ್ನಾನ ಮಾಡಿಸುವುದು ಸರಿಯಲ್ಲ, ಬುದ್ಧಿ ಬಲಿತು ಸ್ವಂತ ನಂಬಿಕೆಯಿಂದ ಕೇಳಿಕೊಂಡವರಿಗೆ ಮಾತ್ರ ಅದು ಸಲ್ಲಬೇಕು ಎಂಬುದು ಅವರ ಮೂಲ ತತ್ವ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ದೂರ ಸರಿದು ಬೆಳೆದ ಪಂಥ ಇದು.

ಈ ತತ್ವದ ಬೆಲೆಯನ್ನು ಅವರು ತೆತ್ತದ್ದು ಸಾವಿನ ಹೊತ್ತಿನಲ್ಲಿ. ದೀಕ್ಷಾಸ್ನಾನವಾಗದೆ ಸತ್ತವರಿಗೆ ಅಂತ್ಯಸಂಸ್ಕಾರದ ಪ್ರಾರ್ಥನೆ ಸಲ್ಲದು ಎಂಬುದು ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಪುಸ್ತಕದ ನಿಯಮವಾಗಿತ್ತು. ಆತ್ಮಹತ್ಯೆ ಮಾಡಿಕೊಂಡವರನ್ನೂ ಬಹಿಷ್ಕೃತರನ್ನೂ ಅದೇ ಸಾಲಿನಲ್ಲಿ ಇಡಲಾಗಿತ್ತು. ಹಾಗಾಗಿ ಬ್ಯಾಪ್ಟಿಸ್ಟರ ಮನೆಯ ಮಗು ಸತ್ತರೆ ಊರ ಚರ್ಚಿನ ಅಂಗಳದಲ್ಲಿ ಗುಂಡಿ ದೊರೆತರೂ ಪ್ರಾರ್ಥನೆ ದೊರೆಯುತ್ತಿರಲಿಲ್ಲ. ಈ ಅವಮಾನವನ್ನು ಒಲ್ಲದೆ ಅವರು ತಮ್ಮ ಪ್ರಾರ್ಥನಾ ಮಂದಿರಗಳ ಪಕ್ಕದಲ್ಲೇ ಸ್ವಂತ ಸ್ಮಶಾನಗಳನ್ನು ಮಾಡಿಕೊಂಡರು. ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್ ಹೀಗೆ ಅಧಿಕೃತ ಚರ್ಚಿಗೆ ಸೇರದವರ ದೊಡ್ಡ ಸ್ಮಶಾನವಾಗಿ ಬೆಳೆಯಿತು. 1688ರಲ್ಲಿ ತೀರಿಕೊಂಡ ಜಾನ್ ಬನ್ಯನ್, 1731ರಲ್ಲಿ ತೀರಿಕೊಂಡ ಡೇನಿಯಲ್ ಡೀಫೊ, 1827ರಲ್ಲಿ ತೀರಿಕೊಂಡ ಕವಿ ವಿಲಿಯಂ ಬ್ಲೇಕ್ ಅಲ್ಲಿ ಮಣ್ಣಾದವರು. ಸುಮಾರು 1,20,000 ಜನರನ್ನು ಹೂಳಿದ ಆ ನೆಲವನ್ನು 1854ರಲ್ಲಿ ಮುಚ್ಚಲಾಯಿತು.

ಸ್ವಂತ ಸ್ಮಶಾನವಿಲ್ಲದ ಹಳ್ಳಿಗಳ ಬಡವರ ಪಾಡು ಬೇರೆಯೇ ಆಗಿತ್ತು. 1878ರಲ್ಲಿ ಸಫೋಕ್ ಪ್ರಾಂತದ ಆಕೆನ್‌ಹ್ಯಾಂ ಎಂಬ ಹಳ್ಳಿಯಲ್ಲಿ ಬ್ಯಾಪ್ಟಿಸ್ಟ್ ಕೂಲಿಕಾರನೊಬ್ಬನ ಎರಡು ವರ್ಷದ ಮಗು ತೀರಿಕೊಂಡಿತು. ಚರ್ಚಿನ ಅಂಗಳದಲ್ಲಿ ಪ್ರಾರ್ಥನೆಗೆ ಅವಕಾಶವಿಲ್ಲದ್ದರಿಂದ ಬೇರೆ ಪಂಥದ ಪಾದ್ರಿಯೊಬ್ಬರು ಬೇಲಿಯಾಚೆಯ ಹುಲ್ಲುಗಾವಲಿನಲ್ಲಿ ನಿಂತು ನಾಲ್ಕು ಮಾತು ಹೇಳಲು ಮುಂದಾದರು. ಊರ ಚರ್ಚಿನ ಅಧಿಕಾರಿ ಅದನ್ನೂ ತಡೆಯಲು ಬಂದ. ಪುಟ್ಟ ಶವಪೆಟ್ಟಿಗೆಯನ್ನು ಪಕ್ಕಕ್ಕಿಟ್ಟುಕೊಂಡು ವಾಗ್ವಾದ ನಡೆಯಿತು. ಸುದ್ದಿ ಪತ್ರಿಕೆಗೆ ಬಂತು, ಮಾನನಷ್ಟದ ಮೊಕದ್ದಮೆಯಾಯಿತು, ದೇಶವೆಲ್ಲ ಮಾತಾಡಿತು. ಎರಡು ವರ್ಷಗಳ ತರುವಾಯ, 1880ರಲ್ಲಿ, ಶವಸಂಸ್ಕಾರ ಕಾನೂನಿಗೆ ತಿದ್ದುಪಡಿ ಬಂದು ಊರ ಚರ್ಚಿನ ಅಂಗಳದಲ್ಲಿ ಇತರ ಪಂಥದವರೂ ತಮ್ಮ ವಿಧಿಯಂತೆ ಅಂತ್ಯಕ್ರಿಯೆ ನಡೆಸಬಹುದೆಂದಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸತ್ತವರನ್ನು ಪಂಥದ ಹೆಸರಿನಲ್ಲಿ ಹೊರಗಿಡುವುದು ಭಾರತಕ್ಕೆ ಮಾತ್ರ ಅಂಟಿದ ರೋಗವಲ್ಲ, ಒಂದೇ ಧರ್ಮದ ಗುಣವೂ ಅಲ್ಲ. ಬಹುಸಂಖ್ಯಾತರ ಕೈಯಲ್ಲಿ ಊರಿನ ನೆಲವಿದ್ದಾಗ ಅಲ್ಪಸಂಖ್ಯಾತರ ಹೆಣ ಬೇಲಿಯ ಬಳಿ ಕಾಯಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಬ್ಯಾಪ್ಟಿಸ್ಟರು ಈ ಪಾಠವನ್ನು ಚೆನ್ನಾಗಿ ಕಲಿತಿದ್ದರು. ಬಂಗಾಳದಲ್ಲಿ ಅದನ್ನು ಇನ್ನೊಂದು ರೂಪದಲ್ಲಿ ಕಲಿಯಬೇಕಾಯಿತು.

ಹೆಗಲಿಲ್ಲದ ಶವ

ವಿಲಿಯಂ ಕೇರಿ ಹುಟ್ಟಿದ್ದು 1761ರಲ್ಲಿ, ನಾರ್ಥಾಂಪ್ಟನ್‌ಶೈರಿನ ಒಂದು ಹಳ್ಳಿಯಲ್ಲಿ. ಚಪ್ಪಲಿ ಹೊಲಿಯುವ ಕಸುಬು ಕಲಿತು, ಬ್ಯಾಪ್ಟಿಸ್ಟ್ ಬೋಧಕನಾಗಿ, 1792ರಲ್ಲಿ ಹುಟ್ಟಿದ ಬ್ಯಾಪ್ಟಿಸ್ಟ್ ಮಿಷನರಿ ಸಂಘದ ಪರವಾಗಿ ಮರುವರ್ಷ ಕಲ್ಕತ್ತೆಗೆ ಬಂದಿಳಿದ. ಹೊಟ್ಟೆಪಾಡಿಗಾಗಿ ಉತ್ತರ ಬಂಗಾಳದ ಮದನಾಬತಿಯಲ್ಲಿ ನೀಲಿ ತಯಾರಿಕೆಯ ಕಾರ್ಖಾನೆಯೊಂದರ ಉಸ್ತುವಾರಿ ವಹಿಸಿಕೊಂಡ.

1794ರಲ್ಲಿ ಅಲ್ಲಿ ಅವನ ಐದು ವರ್ಷದ ಮಗ ಪೀಟರ್ ಜ್ವರದಿಂದ ತೀರಿಕೊಂಡ. ಕೇರಿಯ ಕೈಕೆಳಗೆ ಬಡಗಿಗಳಿದ್ದರು, ಆಳುಗಳಿದ್ದರು. ಆದರೆ ಶವಪೆಟ್ಟಿಗೆ ಮಾಡಲು ಒಬ್ಬನೂ ಮುಂದೆ ಬರಲಿಲ್ಲ. ಹೆಣದ ಕೆಲಸಕ್ಕೆ ಕೈ ಹಾಕಿದರೆ ಜಾತಿ ಹೋಗುತ್ತದೆಂಬ ಭಯ. ಕೊನೆಗೆ ನಾಲ್ವರು ಮುಸಲ್ಮಾನರು ಗುಂಡಿ ತೋಡಲು ಒಪ್ಪಿದರು. ಹೆಣ ಹೊರಲು ಮೈಲುಗಟ್ಟಲೆ ದೂರಕ್ಕೆ ಹೇಳಿಕಳಿಸಿದರೂ ಹೆಗಲು ಸಿಗಲಿಲ್ಲ. ತಂದೆ ತಾಯಿ ತಾವೇ ಮಗುವನ್ನು ಹೊತ್ತೊಯ್ಯಲು ಸಿದ್ಧರಾದಾಗ ಮನೆಯ ಜಾಡಮಾಲಿಯೂ, ಜಾತಿ ಕಳೆದುಕೊಂಡಿದ್ದ ಒಬ್ಬ ಹುಡುಗನೂ ಕೈಜೋಡಿಸಿದರು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಗುಂಡಿ ತೋಡಿದ ನಾಲ್ವರೊಡನೆ ಯಾರೂ ಉಣ್ಣಬಾರದು, ಹುಕ್ಕಾ ಸೇದಬಾರದು ಎಂದು ಊರ ಮುಖ್ಯಸ್ಥ ಕಟ್ಟಪ್ಪಣೆ ಮಾಡಿದ. ಕೇರಿ ಮಧ್ಯೆ ಪ್ರವೇಶಿಸಿ ಆ ಬಹಿಷ್ಕಾರವನ್ನು ತೆಗೆಸಬೇಕಾಯಿತು. ಆ ಮಗುವಿನ ತಾಯಿ ಡೊರೊತಿ ಪುತ್ರಶೋಕದಿಂದ ಚೇತರಿಸಿಕೊಳ್ಳಲಿಲ್ಲ. ಮುಂದೆ ಅವಳ ಮನಸ್ಸಿನ ಸಮತೋಲವೂ ತಪ್ಪಿತು.

ಈ ಘಟನೆಯಲ್ಲಿ ನೆಲದ ಕೊರತೆ ಇರಲಿಲ್ಲ. ಗುಂಡಿ ತೋಡಲು ಬೇಕಾದಷ್ಟು ಜಾಗವಿತ್ತು. ಇಲ್ಲದೆ ಹೋದದ್ದು ಹೆಗಲು. ನಮ್ಮ ಹಳ್ಳಿಗಳಲ್ಲಿ ‘ನಾಲ್ಕು ಜನ ಬೇಕು’ ಎನ್ನುವ ಮಾತಿಗೆ ಇರುವ ಅರ್ಥವೂ ಇದೇ. ಎಷ್ಟೇ ಆಸ್ತಿಯಿದ್ದವನಿಗೂ ಕಡೆಗೆ ಬೇಕಾಗುವುದು ಹೊರುವ ನಾಲ್ವರು. ಅದನ್ನು ಕೊಡದಿರುವುದೇ ಸಮಾಜದ ಅತಿ ದೊಡ್ಡ ಶಿಕ್ಷೆ.

ಡೇನರ ಊರಿನಲ್ಲಿ ಆಶ್ರಯ

ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳೆಂದರೆ ಆಗ ಸರಿಬರುತ್ತಿರಲಿಲ್ಲ. ವ್ಯಾಪಾರಕ್ಕೆ ಕುತ್ತು ತರುವವರೆಂದು ಅವರನ್ನು ದೂರವಿಡಲು ಅದು ನೋಡುತ್ತಿತ್ತು. ಆದ್ದರಿಂದ 1799ರಲ್ಲಿ ಬಂದ ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಮೊದಲಾದವರು ಇಳಿದದ್ದು ಡೆನ್ಮಾರ್ಕಿನ ವಶದಲ್ಲಿದ್ದ ಸೆರಾಂಪುರದಲ್ಲಿ. 1755ರಲ್ಲಿ ಡೇನರು ಫ್ರೆಡರಿಕ್ಸ್‌ನಗರ್ ಎಂಬ ಹೆಸರಿನಲ್ಲಿ ಅಲ್ಲಿ ನೆಲೆಯೂರಿದ್ದರು. ಗವರ್ನರ್ ಓಲೆ ಬೀ ಮಿಷನರಿಗಳಿಗೆ ರಕ್ಷಣೆ ಕೊಟ್ಟರು. 1800ರ ಜನವರಿಯಲ್ಲಿ ಕೇರಿಯೂ ಬಂದು ಸೇರಿಕೊಂಡ.

ಬಂದವರನ್ನು ಸಾವು ಬಹುಕಾಲ ಕಾಯಿಸಲಿಲ್ಲ. ಮಾರ್ಷ್‌ಮನ್ ಜೊತೆ ಬಂದಿದ್ದ ವಿಲಿಯಂ ಗ್ರಾಂಟ್ ಮೂರು ವಾರ ತುಂಬುವ ಮೊದಲೇ ತೀರಿಕೊಂಡ. 1801ರ ಅಂತ್ಯದೊಳಗೆ ಇನ್ನೂ ಮೂವರು ಮಿಷನರಿಗಳು ಮಣ್ಣಾದರು. ಅದೇ ಹೊತ್ತಿನಲ್ಲಿ ಸ್ಥಳೀಯರು ಒಬ್ಬೊಬ್ಬರಾಗಿ ಸಭೆಗೆ ಸೇರತೊಡಗಿದರು. ಮೊದಲಿಗನಾದ ಬಡಗಿ ಕೃಷ್ಣ ಪಾಲ್ 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದ. ಹೀಗೆ ಸೇರಿದವರು ಜಾತಿ ಕಳೆದುಕೊಂಡವರು. ಬದುಕಿದ್ದಾಗ ಮಿಷನ್ನಿನ ಆವರಣ ಅವರಿಗೆ ಆಸರೆಯಾಯಿತು. ಆದರೆ ಸತ್ತರೆ? ಅವರನ್ನು ಸುಡಲು ಹಿಂದಿನ ಜಾತಿಯವರು ಬಾರರು, ಹೊರಲು ನೆರೆಯವರು ಒಪ್ಪರು. ಮಿಷನ್ ತನ್ನದೇ ಒಂದು ಸಣ್ಣ ಜಾಗವನ್ನು ಸ್ಮಶಾನಕ್ಕಾಗಿ ಕೊಂಡುಕೊಂಡದ್ದು ಈ ಅಗತ್ಯದಿಂದ.

1803ರ ಅಕ್ಟೋಬರಿನಲ್ಲಿ ಗೋಕುಲ್ ಎಂಬಾತ ತೀರಿಕೊಂಡ. ಸ್ಥಳೀಯ ಕ್ರೈಸ್ತರಲ್ಲಿ ಮೊದಲ ಸಾವು ಅದು. ಅಲ್ಲಿಯವರೆಗಿನ ರೂಢಿಯೆಂದರೆ ಕ್ರೈಸ್ತರ ಶವಗಳನ್ನು ಬಡ ಪೋರ್ಚುಗೀಸ್ ಸಂತತಿಯವರು ಕೂಲಿಗೆ ಹೊರುತ್ತಿದ್ದರು. ಕುಡಿದು ಬರುವವರೆಂಬ ಅಪಖ್ಯಾತಿ ಅವರಿಗಿತ್ತು. ಮಾರ್ಷ್‌ಮನ್ ಈ ರೂಢಿಯನ್ನು ಮುರಿದ. ಕೃಷ್ಣ ಪಾಲ್ ತಾನೇ ಶವಪೆಟ್ಟಿಗೆ ಮಾಡಿ ಅದಕ್ಕೆ ಬಿಳಿಯ ಮಸ್ಲಿನ್ ಬಟ್ಟೆ ಹೊದಿಸಿದ್ದ. ಪೆಟ್ಟಿಗೆಗೆ ಹೆಗಲು ಕೊಟ್ಟವರು ನಾಲ್ವರು: ಮಾರ್ಷ್‌ಮನ್, ಕೇರಿಯ ಮಗ ಫೆಲಿಕ್ಸ್, ಬ್ರಾಹ್ಮಣ ಜಾತಿಯಿಂದ ಬಂದ ಭೈರವ, ಮುಸಲ್ಮಾನನಾಗಿದ್ದ ಪೀರು. ಬಂಗಾಳಿ ಹಾಡು ಹೇಳುತ್ತ ಅವರು ಬೀದಿಯಲ್ಲಿ ಸಾಗಿದಾಗ ನೋಡಲು ಜನ ಮುತ್ತಿದರು.

ಒಂಬತ್ತು ವರ್ಷಗಳ ಹಿಂದೆ ಮದನಾಬತಿಯಲ್ಲಿ ದೊರೆಯದ ನಾಲ್ಕು ಹೆಗಲು ಸೆರಾಂಪುರದಲ್ಲಿ ದೊರೆತಿತ್ತು. ಒಬ್ಬ ಆಂಗ್ಲ ಶಾಲಾ ಶಿಕ್ಷಕ, ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ ಒಂದೇ ಶವಪೆಟ್ಟಿಗೆಯ ಅಡಿಗೆ ಬಂದದ್ದು ಅಂದಿನ ಬಂಗಾಳದಲ್ಲಿ ಸಣ್ಣ ಸಂಗತಿಯಲ್ಲ. ಅದೇ ವರ್ಷ ಬ್ರಾಹ್ಮಣ ಮೂಲದ ಕೃಷ್ಣಪ್ರಸಾದ, ಬಡಗಿ ಕೃಷ್ಣ ಪಾಲನ ಮಗಳನ್ನು ಮದುವೆಯಾಗಿದ್ದ. ಮದುವೆಯ ಊಟದಲ್ಲಿ ಮತ್ತು ಹೆಣದ ಮೆರವಣಿಗೆಯಲ್ಲಿ ಜಾತಿ ತನ್ನ ನಿಜವಾದ ಬಲ ತೋರುತ್ತದೆ. ಆ ಎರಡೂ ಕಡೆ ಅದನ್ನು ಆ ಪುಟ್ಟ ಸಮುದಾಯ ಒಂದೇ ವರ್ಷದಲ್ಲಿ ಮುರಿಯಿತು.

ಅಲ್ಲಿ ಮಲಗಿರುವವರು

ಮುಂದಿನ ನಾಲ್ಕು ದಶಕಗಳಲ್ಲಿ ಆ ನೆಲ ಒಂದು ಇತಿಹಾಸದ ಪುಸ್ತಕವೇ ಆಯಿತು. ಮಗನನ್ನು ಕಳೆದುಕೊಂಡು ಮನೋರೋಗಕ್ಕೆ ತುತ್ತಾಗಿದ್ದ ಡೊರೊತಿ ಕೇರಿ 1807ರ ಡಿಸೆಂಬರಿನಲ್ಲಿ ಅಲ್ಲಿ ಮಣ್ಣಾದಳು. ಕೇರಿಯ ಎರಡನೆಯ ಪತ್ನಿ, ಡೆನ್ಮಾರ್ಕಿನ ಕುಲೀನ ಮನೆತನದ ಶಾರ್ಲಟ್ ರೂಮೋರ್ 1821ರ ಮೇ ತಿಂಗಳಲ್ಲಿ ತೀರಿಕೊಂಡಳು. ಮುದ್ರಣಾಲಯದ ಜೀವಾಳವಾಗಿದ್ದ ವಾರ್ಡ್ 1823ರ ಮಾರ್ಚ್ 7ರಂದು ಕಾಲರಾಕ್ಕೆ ಬಲಿಯಾದ. ಕೃಷ್ಣ ಪಾಲನನ್ನು ಅದಕ್ಕೆ ಮುಂಚಿನ ವರ್ಷವೇ ಕಾಲರಾ ಕೊಂಡೊಯ್ದಿತ್ತು. ಆಂಗ್ಲ ಮುದ್ರಕನನ್ನೂ ಬಂಗಾಳಿ ಬಡಗಿಯನ್ನೂ ಅದು ಬೇರೆಯೆಂದು ಎಣಿಸಲಿಲ್ಲ.

ಕೇರಿ 1834ರ ಜೂನ್ 9ರಂದು ಕೊನೆಯುಸಿರೆಳೆದ. ಮರುದಿನ ಬೆಳಗ್ಗೆ ನಡೆದ ಅಂತ್ಯಕ್ರಿಯೆಗೆ ಡೆನ್ಮಾರ್ಕಿನ ಗವರ್ನರ್ ಬಂದರು, ಡೇನರ ಧ್ವಜ ಅರ್ಧಕ್ಕೆ ಇಳಿಯಿತು. ಆದರೆ ಕೇರಿ ತನ್ನ ಉಯಿಲಿನಲ್ಲಿ ಬರೆದಿಟ್ಟದ್ದು ಅತ್ಯಂತ ಸರಳ: ಶಾರ್ಲಟ್‌ಳ ಪಕ್ಕದಲ್ಲಿ ಹೂಳಬೇಕು, ಕಲ್ಲಿನ ಮೇಲೆ ಹೆಸರು, ಹುಟ್ಟಿದ ಮತ್ತು ಸತ್ತ ದಿನ, ತನ್ನನ್ನು ಬಡ ಹುಳುವೆಂದು ಕರೆದುಕೊಳ್ಳುವ ಒಂದು ಪ್ರಾರ್ಥನಾ ಗೀತೆಯ ಎರಡು ಸಾಲು, ಹೆಚ್ಚೇನೂ ಬೇಡ. ಬಿರುದಿಲ್ಲ, ಸಾಧನೆಗಳ ಪಟ್ಟಿಯಿಲ್ಲ. ಮೂವರಲ್ಲಿ ಕೊನೆಯವನಾಗಿ ಮಾರ್ಷ್‌ಮನ್ 1837ರ ಡಿಸೆಂಬರ್ 5ರಂದು ತೀರಿಕೊಂಡ. ಶಾಲೆಗಳನ್ನು ನಡೆಸಿದ ಅವನ ಪತ್ನಿ ಹನ್ನಾ ಇನ್ನೊಂದು ದಶಕ ಬಾಳಿ 1847ರಲ್ಲಿ ಕಣ್ಮುಚ್ಚಿದಳು.

ಕನ್ನಡಿಗರಿಗೆ ಈ ಹೆಸರುಗಳು ಅಪರಿಚಿತವಾಗಬೇಕಾಗಿಲ್ಲ. ಪಂಚಾನನ ಕರ್ಮಕಾರ ಮತ್ತು ಅವನ ಅಳಿಯ ಮನೋಹರನ ಕೈಚಳಕದಿಂದ ಸೆರಾಂಪುರದ ಮುದ್ರಣಾಲಯದಲ್ಲಿ ಅನೇಕ ಭಾರತೀಯ ಲಿಪಿಗಳ ಅಚ್ಚುಮೊಳೆಗಳು ಸಿದ್ಧವಾದವು. 1812ರ ಮಾರ್ಚ್ 11ರ ರಾತ್ರಿ ಆ ಮುದ್ರಣಾಲಯಕ್ಕೆ ಬೆಂಕಿ ಬಿದ್ದಾಗ ಉರಿದುಹೋದ ಹಸ್ತಪ್ರತಿಗಳಲ್ಲಿ ಕೇರಿಯ ಕನ್ನಡ ಹೊಸ ಒಡಂಬಡಿಕೆಯೂ ಇತ್ತು. ಕೆಲಸ ಮತ್ತೆ ಮೊದಲಿನಿಂದ ಆರಂಭವಾಯಿತು. ಐದು ವರ್ಷಗಳ ಬಳಿಕ ಹೊರಬಂದ ‘ಕರ್ಣಾಟ ಭಾಷೆಯ ವ್ಯಾಕರಣ’ ಕನ್ನಡ ಮುದ್ರಣದ ಅತಿ ಹಳೆಯ ಕುರುಹುಗಳಲ್ಲಿ ಒಂದು. 1818ರಲ್ಲಿ ಆರಂಭವಾಗಿ 1827ರಲ್ಲಿ ಡೆನ್ಮಾರ್ಕಿನ ದೊರೆಯಿಂದ ಪದವಿ ನೀಡುವ ಸನ್ನದು ಪಡೆದ ಸೆರಾಂಪುರ ಕಾಲೇಜಿನ ಹೆಸರಿನಲ್ಲೇ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಂತಹ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಪದವಿ ದೊರೆತಿದೆ.

ಇಷ್ಟೆಂದ ಮಾತ್ರಕ್ಕೆ ಮಿಷನರಿಗಳನ್ನು ದೇವತೆಗಳೆಂದು ಭಾವಿಸಬೇಕಾಗಿಲ್ಲ. ಹಿಂದೂ ಧರ್ಮವನ್ನು ಕುರಿತ ವಾರ್ಡನ ಬರಹಗಳಲ್ಲಿ ಕಹಿಯಿದೆ, ತಾತ್ಸಾರವಿದೆ. ಮಾರ್ಷ್‌ಮನ್ ಮತ್ತು ರಾಜಾ ರಾಮಮೋಹನ ರಾಯ್ ನಡುವೆ 1820ರ ದಶಕದಲ್ಲಿ ನಡೆದ ವಾಗ್ವಾದದಲ್ಲಿ ರಾಯ್ ಅವರ ತರ್ಕ ಇಂದಿಗೂ ಓದತಕ್ಕದ್ದು. ಮತಪ್ರಚಾರವನ್ನು ಒಪ್ಪದವರು ಒಪ್ಪದೇ ಇರಬಹುದು. ಆದರೆ ಬದುಕಿದ್ದಾಗ ವಾದಿಸುವುದು ಬೇರೆ, ಸತ್ತವನ ಹೆಣ ತಡೆಯುವುದು ಬೇರೆ. ಈ ಗೆರೆ ಅಳಿಸಿಹೋದಾಗ ಸಮಾಜ ಬಸ್ತರಿನ ಸ್ಥಿತಿಗೆ ಬರುತ್ತದೆ.

ಪ್ರತ್ಯೇಕ ನೆಲದ ಮಿತಿ

ಸೆರಾಂಪುರದ ಸ್ಮಶಾನ ಎರಡು ಪಾಠ ಹೇಳುತ್ತದೆ. ಮೊದಲನೆಯದು, ಊರು ತಿರಸ್ಕರಿಸಿದವರಿಗೆ ಪ್ರತ್ಯೇಕ ನೆಲ ಆಶ್ರಯವಾಗುತ್ತದೆ. ಎರಡನೆಯದು, ಆ ಆಶ್ರಯ ಯಾರದೋ ಕೃಪೆಯ ಮೇಲೆ ನಿಂತಿರುತ್ತದೆ. ಓಲೆ ಬೀಯ ರಕ್ಷಣೆ ಇಲ್ಲದಿದ್ದರೆ ಮಿಷನ್ ಅಲ್ಲಿ ಉಳಿಯುತ್ತಿತ್ತೆಂದು ಹೇಳಲಾಗದು. 1808ರಿಂದ 1815ರವರೆಗೆ ಊರು ಇಂಗ್ಲಿಷರ ವಶದಲ್ಲಿತ್ತು. 1845ರಲ್ಲಿ ಡೆನ್ಮಾರ್ಕ್, ಸೆರಾಂಪುರವನ್ನೂ ತಮಿಳುನಾಡಿನ ತರಂಗಂಬಾಡಿಯನ್ನೂ ಒಟ್ಟು 12.5 ಲಕ್ಷ ರೂಪಾಯಿಗೆ ಕಂಪನಿಗೆ ಮಾರಿತು. ಆಳುವವರು ಬದಲಾದರು, ಸಮಾಧಿಗಳು ಉಳಿದವು. ಡೇನರ ಕಾಲದ ಸಂತ ಓಲಾವ್ ಚರ್ಚಿನ ಜೀರ್ಣೋದ್ಧಾರಕ್ಕೆ 2016ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಬಂತು. ಊರಿನ ಕಟ್ಟಡಗಳು ಪಾರಂಪರಿಕ ಆಸ್ತಿಯೆಂದು ಮನ್ನಣೆ ಪಡೆಯುವ ಕಾಲದಲ್ಲಿ, ಅಲ್ಲಿನ ಸ್ಮಶಾನ ಹುಟ್ಟಿದ ಕಾರಣವನ್ನೂ ಪರಂಪರೆಯ ಭಾಗವೆಂದು ನೆನೆಯುವುದು ಅಗತ್ಯ.

ಪ್ರತ್ಯೇಕ ನೆಲ ಸಿಕ್ಕ ಮಾತ್ರಕ್ಕೆ ಸಮಾನತೆ ಬರುವುದಿಲ್ಲ ಎಂಬುದಕ್ಕೆ ಕ್ರೈಸ್ತ ಸಮಾಜವೇ ಸಾಕ್ಷಿ. ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತ ಕ್ರೈಸ್ತರ ಗೋರಿಗಳನ್ನು ಇತರರ ಗೋರಿಗಳಿಂದ ಬೇರ್ಪಡಿಸಲು ಗೋಡೆ ಕಟ್ಟಲಾಗಿತ್ತು. ಅದರ ವಿರುದ್ಧ ದಲಿತ ಕ್ರೈಸ್ತರು ಹೋರಾಟ ನಡೆಸಬೇಕಾಯಿತು. 1803ರಲ್ಲಿ ಮಾರ್ಷ್‌ಮನ್ ಮುರಿದದ್ದನ್ನು ಇನ್ನೊಂದೆಡೆ ಕ್ರೈಸ್ತರೇ ಇಟ್ಟಿಗೆ ಸುಣ್ಣದಿಂದ ಮತ್ತೆ ಕಟ್ಟಿದರು. ಗೋಡೆ ಕಟ್ಟುವ ಕೈಗಳಿಗೆ ಧರ್ಮದ ಭೇದವಿಲ್ಲ.

ಎರಡು ಅಭಿಪ್ರಾಯ, ಒಂದು ಅಂತರ

ಈ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟಿನ ಎರಡು ಅಭಿಪ್ರಾಯಗಳನ್ನು ಪರಿಶೀಲಿಸಬಹುದು. ನ್ಯಾಯಮೂರ್ತಿ ಶರ್ಮಾ ಅವರ ನಿಲುವಿನಲ್ಲಿ ಆಡಳಿತದ ತರ್ಕವಿದೆ. ಸ್ಮಶಾನಗಳನ್ನು ಗುರುತಿಸುವುದು ಸಾರ್ವಜನಿಕ ಆರೋಗ್ಯ ಮತ್ತು ಸುವ್ಯವಸ್ಥೆಯ ವಿಷಯ. ಯಾರು ಎಲ್ಲಿ ಬೇಕಾದರೂ ಹೂಳಬಹುದೆಂದಾದರೆ ಗೊಂದಲವಾಗುತ್ತದೆ. ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿ ಸ್ಥಳದ ಆಯ್ಕೆಯನ್ನು ಒಳಗೊಳ್ಳುವುದಿಲ್ಲ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ ನ್ಯಾಯಮೂರ್ತಿ ನಾಗರತ್ನ ಅವರು ಎತ್ತಿದ ಅಂಶ ಇನ್ನೂ ಆಳವಾದದ್ದು. ಗ್ರಾಮ ಪಂಚಾಯತಿಯ ನಡೆಯಲ್ಲಿ ಅವರು ತಾರತಮ್ಯವನ್ನು ಕಂಡರು. ಜಾತ್ಯತೀತತೆ ಮತ್ತು ಸೋದರಭಾವ ಬರಿಯ ಪುಸ್ತಕದ ಪದಗಳಲ್ಲ ಎಂಬುದು ಅವರ ಅಭಿಪ್ರಾಯದ ತಿರುಳು. ರಾಜ್ಯಾದ್ಯಂತ ಕ್ರೈಸ್ತರಿಗೆ ಸ್ಮಶಾನದ ಜಾಗ ಗುರುತಿಸಲು ಎರಡು ತಿಂಗಳ ಗಡುವನ್ನೂ ಅವರು ತಮ್ಮ ತೀರ್ಪಿನಲ್ಲಿ ಸೂಚಿಸಿದರು.

ಎರಡನ್ನೂ ಅಳೆಯಲು ಒಂದು ಸರಳ ಮಾನದಂಡವಿದೆ. ಅದು ಅಂತರ. ಗ್ರಾಮದೊಳಗೆ, ಎಲ್ಲ ಸಮುದಾಯಗಳಿಗೂ ಬೇರೆ ಬೇರೆ ಭಾಗ ಗುರುತಿಸಿದರೆ ಅದು ವ್ಯವಸ್ಥೆ. ಒಬ್ಬನ ಹೆಣವನ್ನು ಮಾತ್ರ 25 ಕಿಲೋಮೀಟರ್ ಆಚೆಗೆ ಕಳಿಸಿದರೆ ಅದು ಗಡಿಪಾರು. ಸಮಾಧಿಯಿರುವುದು ಸತ್ತವರಿಗಾಗಿ ಮಾತ್ರವಲ್ಲ. ಬದುಕಿರುವ ಮಗ ವರ್ಷಕ್ಕೊಮ್ಮೆ ಹೂವಿಡಲು, ದೀಪ ಹಚ್ಚಲು. ಹತ್ತಿರದಲ್ಲಿರಬೇಕಾದ ಆ ನಂಟನ್ನು ದೂರ ಮಾಡುವುದೇ ಬಹಿಷ್ಕಾರದ ಉದ್ದೇಶ. ವಿರೋಧಿಸಿದ ಗುಂಪಿನ ಇಷ್ಟ ನೆರವೇರಿ, ಪೊಲೀಸ್ ಕಾವಲಿನಲ್ಲಿ ಹೆಣ ಊರು ಬಿಟ್ಟು ಹೋದದ್ದು ಶಾಂತಿ ಕಾಪಾಡಿರಬಹುದು; ನ್ಯಾಯವನ್ನು ಕಾಪಾಡಿತೆಂದು ಹೇಳುವುದು ಕಷ್ಟ. ಗಲಭೆಯ ಬೆದರಿಕೆ ಒಡ್ಡುವವನಿಗೇ ಕಾನೂನು ಮಣಿಯುತ್ತದೆಂಬ ಸಂದೇಶ ಅದರಲ್ಲಿ ಅಡಗಿದೆ.

ಕರ್ನಾಟಕಕ್ಕೇನು?

ಇದನ್ನು ದೂರದ ಕಾಡುನಾಡಿನ ಸಮಸ್ಯೆಯೆಂದು ಕರ್ನಾಟಕ ಕೈತೊಳೆದುಕೊಳ್ಳುವಂತಿಲ್ಲ. ಹೂಳುವ ಪದ್ಧತಿ ಇಲ್ಲಿ ಮುಸ್ಲಿಮರದು ಅಥವಾ ಕ್ರೈಸ್ತರದು ಮಾತ್ರವಲ್ಲ. ಲಿಂಗಾಯತರು ಹೂಳುತ್ತಾರೆ, ಹಲವು ದಲಿತ ಮತ್ತು ಹಿಂದುಳಿದ ಸಮುದಾಯಗಳು ಹೂಳುತ್ತವೆ. ಜಮೀನಿದ್ದವರು ತಮ್ಮ ಹೊಲದ ಬದುವಿನಲ್ಲಿ ಹಿರಿಯರಿಗೆ ಮಣ್ಣು ಕೊಡುತ್ತಾರೆ. ಜಮೀನಿಲ್ಲದವರು ಹಳ್ಳದ ದಡವನ್ನೋ ರಸ್ತೆಯ ಅಂಚನ್ನೋ ಹುಡುಕುತ್ತಾರೆ. ಸ್ಮಶಾನವಿಲ್ಲದ ಗ್ರಾಮಗಳಿಗೆ ಆರು ತಿಂಗಳೊಳಗೆ ಜಾಗ ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಅದು ಸರಿಯಾಗಿ ಪಾಲನೆಯಾಗದೆ ನ್ಯಾಯಾಂಗ ನಿಂದನೆಯ ಅರ್ಜಿಯವರೆಗೆ ವಿಷಯ ಬೆಳೆಯಿತು. ಇಲ್ಲಿಯೂ ಪ್ರಶ್ನೆ ಭೂಮಿಯದೊಂದೇ ಅಲ್ಲ. ಊರಿನ ಸ್ಮಶಾನಕ್ಕೆ ಹೋಗುವ ದಾರಿ ಯಾರ ಜಮೀನಿನ ಮೂಲಕ ಹಾದುಹೋಗುತ್ತದೆ, ಆ ದಾರಿಯಲ್ಲಿ ಯಾರ ಹೆಣಕ್ಕೆ ಅಪ್ಪಣೆಯಿದೆ ಎಂಬುದೂ ಆಗಿದೆ.

ಮಾಡಬೇಕಾದದ್ದು ಅಸಾಧ್ಯವಾದದ್ದೇನಲ್ಲ. ಪ್ರತಿ ಗ್ರಾಮದಲ್ಲಿ ಎಲ್ಲರಿಗೂ ಮುಕ್ತವಾದ ಒಂದು ಸಾರ್ವಜನಿಕ ಸ್ಮಶಾನ, ಅದಕ್ಕೊಂದು ಸಾರ್ವಜನಿಕ ದಾರಿ, ಕಂದಾಯ ದಾಖಲೆಯಲ್ಲಿ ಇವೆರಡರ ಸ್ಪಷ್ಟ ನಮೂದು, ಹೆಣ ತಡೆದವರ ಮೇಲೆ ತಡವಿಲ್ಲದ ಕ್ರಮ. ಬಾಯಿಮಾತಿನ ರೂಢಿಯನ್ನೇ ನಂಬಿ ಕುಳಿತರೆ ಏನಾಗುತ್ತದೆಂಬುದನ್ನು ಛಿಂದವಾಡ ತೋರಿಸಿದೆ. ಅಲ್ಲಿ ಕ್ರೈಸ್ತರಿಗೆ ಜಾಗ ಬಿಟ್ಟದ್ದು ಬಾಯಿಮಾತಿನಲ್ಲಿ ಎಂಬುದು ಅರ್ಜಿದಾರರ ವಾದವಾಗಿತ್ತು. ಕಾಗದವಿಲ್ಲದ ಹಕ್ಕು, ಊರಿನ ಮನಸ್ಸು ಬದಲಾದ ದಿನವೇ ಇಲ್ಲವಾಗುತ್ತದೆ.

ಇಂಗ್ಲೆಂಡಿಗೆ ಒಂದು ಮಗುವಿನ ಶವಪೆಟ್ಟಿಗೆಯ ಮುಂದೆ ನಡೆದ ಜಗಳದಿಂದ ಕಾನೂನು ತಿದ್ದಿಕೊಳ್ಳಲು ಎರಡು ವರ್ಷ ಸಾಕಾಯಿತು. ಬಸ್ತರಿನ ಶವಾಗಾರದಲ್ಲಿ ಇಪ್ಪತ್ತು ದಿನ ಕಾದ ಶವದಿಂದ ಭಾರತ ಏನು ಕಲಿಯುತ್ತದೆಂಬುದು ನ್ಯಾಯಾಲಯವೊಂದೇ ನಿರ್ಧರಿಸುವ ವಿಷಯವಲ್ಲ. ಸರ್ಕಾರ ಆರಡಿ ನೆಲ ಕೊಡಬಲ್ಲದು, ಪೊಲೀಸರು ಕಾವಲು ಕೊಡಬಲ್ಲರು. ಹೆಗಲನ್ನು ಮಾತ್ರ ಊರೇ ಕೊಡಬೇಕು.